ನೆಲ ಬಿರಿದರೆ ಟೇಪು ಎಲ್ಲಿ ಹಿಡಿಯಬೇಕು?

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಐಸ್‌ಲ್ಯಾಂಡಿನ ಗ್ರಿಂಡಾವಿಕ್ ಊರಿನಲ್ಲಿ ರಸ್ತೆ, ಮನೆ ಎಲ್ಲ ಸೀಳಿದ ವಿಡಿಯೊವನ್ನು ತರಗತಿಯಲ್ಲಿ ತೋರಿಸಿದೆ. ಒಬ್ಬ ಹುಡುಗಿ ಕೇಳಿದಳು, "ಸರ್, ನಮ್ಮ ಎರಿ ಹೊಲಾನೂ ಬ್ಯಾಸಿಗ್ಯಾಗ ಹಿಂಗೇ ಬಿರೀತದ. ಅದಕ್ಕೂ ಇದಕ್ಕೂ ಏನು ಫರಕು?" ನನಗೆ ಸರಿಯಾಗಿ ಹೇಳಲಾಗಲಿಲ್ಲ. ಜ್ವಾಲಾಮುಖಿ ಸೀಳು ವಲಯದಲ್ಲಿ ಬಿರುಕಿನ ಉದ್ದ, ಅಗಲ, ಆಳವನ್ನು ಹೇಗೆ ಅಳೆಯುತ್ತಾರೆ? ಅಳೆದರೆ ಏನು ತಿಳಿಯುತ್ತದೆ? ನಮ್ಮ ಮಕ್ಕಳ ಕೈಯಲ್ಲಿ ಇಂಥದ್ದೇನಾದರೂ ಇಲ್ಲೇ ಮಾಡಿಸಬಹುದಾ?

ಉತ್ತರ: ಮಾಸ್ತರರೇ, ಆ ಹುಡುಗಿಗೆ ಮೊದಲು ನನ್ನ ಶಾಬಾಸ್ ಹೇಳಿಬಿಡಿ. ನಾನು ಬಳ್ಳಾರಿಯವನು. ಕಲ್ಲು, ಬಿರುಕು ಅಂತ ಮೂವತ್ತು ವರ್ಷ ಓಡಾಡಿದ್ದೇನೆ. ಅವಳು ಕೇಳಿದ ಪ್ರಶ್ನೆಯನ್ನೇ ನಾವೂ ಪ್ರತಿ ಬಿರುಕಿನ ಮುಂದೆ ನಿಂತು ಕೇಳಿಕೊಳ್ಳುತ್ತೇವೆ. ಈ ನೆಲ ಕುಗ್ಗಿದ್ದಕ್ಕೆ ಬಿರಿಯಿತೋ, ಯಾರೋ ಎಳೆದಿದ್ದಕ್ಕೆ ಬಿರಿಯಿತೋ? ಇದಕ್ಕೆ ಉತ್ತರ ಕಣ್ಣಿಗೆ ಕಾಣುವುದಿಲ್ಲ, ಅಳತೆಯಲ್ಲಿ ಸಿಗುತ್ತದೆ.

ಎರಿ ಹೊಲದ ಕಥೆ ನಿಮಗೆ ಗೊತ್ತಿರುವುದೇ. ಆ ಕಪ್ಪು ಮಣ್ಣಿನಲ್ಲಿ ನೀರು ಕುಡಿದು ಉಬ್ಬುವ ಜಾತಿಯ ಜೇಡಿ ಇದೆ. ಬಿಳಿಜೋಳ ಕೊಯ್ದು ಕಣ ಮುಗಿಯುವ ಹೊತ್ತಿಗೆ ತೇವ ಆರುತ್ತದೆ, ಮಣ್ಣು ಎಲ್ಲ ದಿಕ್ಕಿಗೂ ಕುಗ್ಗುತ್ತದೆ. ಎಲ್ಲ ದಿಕ್ಕಿಗೂ ಕುಗ್ಗುವುದರಿಂದ ಬಿರುಕುಗಳೂ ಎಲ್ಲ ದಿಕ್ಕಿಗೂ ಓಡುತ್ತವೆ, ಒಂದಕ್ಕೊಂದು ಕೂಡಿ ಹೊಲ ತುಂಬ ಬಲೆ ಹರಡಿದಂತೆ ಕಾಣುತ್ತದೆ. ಮುಂಗಾರು ಬಂದರೆ ಬಾಯಿ ಮುಚ್ಚಿಕೊಳ್ಳುತ್ತವೆ.

ಐಸ್‌ಲ್ಯಾಂಡಿನದು ಬೇರೆ. ಅಲ್ಲಿ ಎರಡು ಭೂಫಲಕಗಳು ವರ್ಷಕ್ಕೆ ಸುಮಾರು 2 ಸೆಂಟಿಮೀಟರ್‌ನಂತೆ ದೂರ ಸರಿಯುತ್ತಿವೆ. ಆದರೆ ನೆಲ ವರ್ಷವರ್ಷ 2 ಸೆಂಟಿಮೀಟರ್ ಬಿರಿಯುವುದಿಲ್ಲ. ನೂರಾರು ವರ್ಷ ಎಳೆತವನ್ನು ತಾಳಿಕೊಳ್ಳುತ್ತದೆ, ಆಮೇಲೆ ಒಂದು ದಿನ ಬಿಟ್ಟುಕೊಡುತ್ತದೆ. ಆಗ ಕೆಳಗಿನ ಮ್ಯಾಗ್ಮಾ, ಅಂದರೆ ಕರಗಿದ ಕಲ್ಲು, ಆ ಸೀಳಿಗೆ ನುಗ್ಗುತ್ತದೆ. ಕುಷ್ಟಗಿ ಕಡೆ ಗ್ರಾನೈಟ್ ಕ್ವಾರಿಯಲ್ಲಿ ಸಾಲಾಗಿ ತೂತು ಹೊಡೆದು ಬೆಣೆ ಬಡಿದು ಬಂಡೆ ಸೀಳುವುದನ್ನು ನೋಡಿರುತ್ತೀರಿ. ಮ್ಯಾಗ್ಮಾ ಅಂಥ ಬೆಣೆ. ವ್ಯತ್ಯಾಸ ಏನೆಂದರೆ ಐಸ್‌ಲ್ಯಾಂಡಿನಲ್ಲಿ ಬಂಡೆಯನ್ನು ಎರಡೂ ಕಡೆಯಿಂದ ಮೊದಲೇ ಎಳೆದು ಹಿಡಿದಿರುತ್ತದೆ, ಬೆಣೆಗೆ ಕೆಲಸ ಸಲೀಸು. ಹೀಗೆ ನೆಟ್ಟಗೆ ನಿಂತ, ತೆಳ್ಳನೆಯ ಮ್ಯಾಗ್ಮಾ ಗೋಡೆಗೆ ಡೈಕ್ ಅನ್ನುತ್ತೇವೆ. 2023ರ ನವೆಂಬರ್ 10ರ ರಾತ್ರಿ ಗ್ರಿಂಡಾವಿಕ್ ಊರಿನ ಕೆಳಗೆ ಹಾಯ್ದ ಡೈಕ್ ಸುಮಾರು 15 ಕಿಲೋಮೀಟರ್ ಉದ್ದ ಇತ್ತು. ನಾಲ್ಕು ಸಾವಿರದ ಹತ್ತಿರ ಜನ ರಾತ್ರೋರಾತ್ರಿ ಮನೆ ಬಿಟ್ಟರು. ಊರಿನೊಳಗೆ ಒಂದು ಪಟ್ಟಿಯಷ್ಟು ನೆಲ ಮೀಟರ್ ಲೆಕ್ಕದಲ್ಲಿ ಕುಸಿಯಿತು, ಆ ಪಟ್ಟಿಯ ಅಂಚುಗಳಲ್ಲಿ ಬಿರುಕು ಬಾಯಿಬಿಟ್ಟವು. ಲಾವಾ ಹೊರಗೆ ಬಂದಿದ್ದು ಡಿಸೆಂಬರ್ 18ಕ್ಕೆ. ಅಂದರೆ ನೀವು ತೋರಿಸಿದ ವಿಡಿಯೊದ ಬಿರುಕುಗಳಿಗೆ ಕಾರಣವಾದ ಮ್ಯಾಗ್ಮಾ ಆಗಿನ್ನೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬಿರುಕು ಮಾತ್ರ ಕಾಣುತ್ತಿತ್ತು. ಅದಕ್ಕೇ ಬಿರುಕನ್ನು ಅಷ್ಟು ಕಾಳಜಿಯಿಂದ ಅಳೆಯುವುದು.

ಈಗ ಅಗಲದ ಮಾತು. ಎಲ್ಲರಿಗೂ ಸುಲಭ ಅನ್ನಿಸುವುದು ಇದೇ, ಜಾಸ್ತಿ ತಪ್ಪಾಗುವುದೂ ಇಲ್ಲೇ.

ಐಸ್‌ಲ್ಯಾಂಡಿನಲ್ಲಿ ಒಂದು ಬೇಸಿಗೆ ನಾನೂ ಒಂದು ತಂಡದ ಜೊತೆ ಟೇಪು ಹಿಡಿದು ನಡೆದಿದ್ದೇನೆ. ಮೊದಲ ದಿನ ಒಂದೇ ಬಿರುಕನ್ನು ನಾನೂ ಜೊತೆಗಾರನೂ ಬೇರೆಬೇರೆಯಾಗಿ ಅಳೆದೆವು. ನನಗೆ ಬಂದಿದ್ದು 4 ಮೀಟರ್ 10, ಅವನಿಗೆ 2 ಮೀಟರ್ 60. ಇಬ್ಬರ ಟೇಪೂ ಸರಿಯೇ ಇತ್ತು. ನಾನು ಈ ದಂಡೆಯ ತುದಿಯಿಂದ ಆ ದಂಡೆಯ ತುದಿಗೆ ಹಿಡಿದಿದ್ದೆ. ಆದರೆ ನಾನು ನಿಂತ ಕಡೆ ದಂಡೆಯ ಕಲ್ಲುಗಳು ಉದುರಿ ಒಳಗೆ ಬಿದ್ದಿದ್ದವು. ನಾನು ಅಳೆದಿದ್ದು ನೆಲ ಬಿರಿದಷ್ಟನ್ನಲ್ಲ, ಬಿರಿದಿದ್ದರ ಜೊತೆಗೆ ಉದುರಿದ್ದನ್ನೂ. ಅವನು ಸ್ವಲ್ಪ ಕೆಳಗೆ, ಎರಡೂ ಕಡೆಯ ಗೋಡೆ ಗಟ್ಟಿಯಾಗಿ ಉಳಿದ ಜಾಗದಲ್ಲಿ, ಈ ಕಡೆಯ ಉಬ್ಬಿಗೆ ಆ ಕಡೆಯ ತಗ್ಗನ್ನು ಹುಡುಕಿ, ಅವುಗಳ ನಡುವೆ ಟೇಪು ಹಿಡಿದಿದ್ದ. ಆ ದಿನ ಕಲಿತ ಪಾಠ ಇವತ್ತಿಗೂ ನನ್ನ ಜೊತೆಗಿದೆ.

ಖಡಕ್ ಜೋಳದ ರೊಟ್ಟಿಯನ್ನು ಮುರಿದು ಎರಡು ತುಂಡನ್ನು ತಾಟಿನಲ್ಲಿ ದೂರ ಸರಿಸಿ ನೋಡಿ. ಈ ತುಂಡಿನ ಅಂಚಿನಲ್ಲಿ ಎಲ್ಲಿ ಮೂಲೆ ಇದೆಯೋ ಆ ತುಂಡಿನಲ್ಲಿ ಅಲ್ಲೇ ಕಚ್ಚು ಇರುತ್ತದೆ. ನಡುವೆ ಪುಡಿ ಉದುರಿ ಸಂದು ದೊಡ್ಡದಾಗಿ ಕಾಣಬಹುದು. ಆದರೆ ತುಂಡುಗಳು ಎಷ್ಟು ದೂರ ಹೋಗಿವೆ ಅಂತ ತಿಳಿಯಬೇಕಾದರೆ ಮೂಲೆಯಿಂದ ಅದರ ಕಚ್ಚಿಗೇ ಅಳೆಯಬೇಕು. ಲಾವಾ ನೆಲದಲ್ಲಿ ಈ ಕೆಲಸಕ್ಕೆ ಒಂದು ಅನುಕೂಲ ಇದೆ. ಲಾವಾ ಆರುವಾಗ ಕಂಬಕಂಬವಾಗಿ ಸೀಳಿರುತ್ತದೆ, ಮಲ್ಪೆ ಹತ್ತಿರದ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳ ಹಾಗೆ. ಆಮೇಲೆ ಬರುವ ದೊಡ್ಡ ಬಿರುಕು ಈ ಕಂಬಗಳ ಸಂದನ್ನೇ ಹಿಡಿದು ಅಂಕುಡೊಂಕಾಗಿ ಹೋಗುತ್ತದೆ. ಹಾಗಾಗಿ ಎರಡೂ ಗೋಡೆಗೆ ಹಲ್ಲುಗಳು ಇರುತ್ತವೆ. ಹಲ್ಲಿಗೆ ಹಲ್ಲು ಕೂಡಿಸಿದರೆ ಬಿರುಕು ಮುಚ್ಚಬೇಕು. ಮುಚ್ಚಿದರೆ ನಿಮ್ಮ ಅಳತೆ ಸರಿ.

ಹೀಗೆ ಜೋಡಿ ಸಿಕ್ಕರೆ ಒಂದಲ್ಲ, ಮೂರು ಸಂಖ್ಯೆ ಸಿಗುತ್ತವೆ. ಬಿರುಕಿಗೆ ಅಡ್ಡಲಾಗಿ ಎಷ್ಟು ಬಿರಿದಿದೆ, ಉದ್ದಕ್ಕೆ ಎಷ್ಟು ಜಾರಿದೆ, ಒಂದು ಕಡೆ ಎಷ್ಟು ಕುಸಿದಿದೆ. ಅಡ್ಡಲಾಗಿ ಅಂದರೆ ಬಿರುಕಿನ ದಿಕ್ಕಿಗೆ ಲಂಬವಾಗಿ. ಕಂಪಾಸ್ ಇಟ್ಟು ಬಿರುಕಿನ ದಿಕ್ಕು ಮೊದಲು ಬರೆದುಕೊಳ್ಳಬೇಕು. ಟೇಪು 30 ಡಿಗ್ರಿ ಓರೆಯಾದರೆ 1 ಮೀಟರ್ 73 ಸೆಂಟಿಮೀಟರ್ ಅಗಲದ ಬಿರುಕು 2 ಮೀಟರ್ ಅಂತ ಓದುತ್ತದೆ. ಕುಸಿತ ನೋಡುವುದಕ್ಕೆ ಈಗ ಲೇಸರ್, ಜಿಪಿಎಸ್ ಎಲ್ಲ ಬಂದಿವೆ. ಆದರೆ ನಮ್ಮ ಗೌಂಡಿಗಳು ಪಾಯದ ಮಟ್ಟ ನೋಡಲು ಹಿಡಿಯುವ ನೀರಿನ ಪೈಪು ಇದೆಯಲ್ಲ, ಸಣ್ಣ ಬಿರುಕಿಗೆ ಅದೂ ಸೆಂಟಿಮೀಟರಿನ ಮಟ್ಟಕ್ಕೆ ಸರಿಯಾದ ಲೆಕ್ಕ ಕೊಡುತ್ತದೆ.

ಇನ್ನೊಂದು ಸಂಗತಿ. ಒಂದು ಬಿರುಕಿಗೆ ಒಂದೇ ಅಗಲ ಇರುವುದಿಲ್ಲ. ನಡುವೆ ಅಗಲ, ಎರಡೂ ತುದಿಗೆ ಹೋದಂತೆ ಕಿರಿದಾಗಿ ಕೊನೆಗೆ ಕೂದಲೆಳೆ ಆಗುತ್ತದೆ. "ಈ ಬಿರುಕು 3 ಮೀಟರ್ ಅಗಲ" ಅಂತ ಒಂದು ಮಾತಿನಲ್ಲಿ ಹೇಳಿದರೆ ಅದು ಎಲ್ಲಿಯ ಅಗಲ ಅನ್ನುವುದೇ ತಿಳಿಯುವುದಿಲ್ಲ. ಅದಕ್ಕೇ ಬಿರುಕಿನ ಉದ್ದಕ್ಕೂ ಗೊತ್ತಾದ ಅಂತರಕ್ಕೆ ಒಮ್ಮೆ ಅಳೆಯುತ್ತೇವೆ. 400 ಮೀಟರ್ ಬಿರುಕಾದರೆ 20 ಮೀಟರಿಗೊಮ್ಮೆ ಅಂತಿಟ್ಟುಕೊಳ್ಳಿ. ಬೇಸರದ ಕೆಲಸ, ನಿಜ. ಆದರೆ ಆ ಸಂಖ್ಯೆಗಳನ್ನು ಗ್ರಾಫಿನ ಮೇಲೆ ಇಟ್ಟಾಗ ಬಿರುಕಿನ ಆಕಾರ ಕಣ್ಣಮುಂದೆ ಏಳುತ್ತದೆ. ನಡುವೆ ಒಂದೇ ಗುಡ್ಡ ಎದ್ದರೆ ಅದು ಒಂದೇ ಬಿರುಕಾಗಿ ಬೆಳೆದಿದೆ. ಎರಡು ಗುಡ್ಡ, ನಡುವೆ ತಗ್ಗು ಕಂಡರೆ ಎರಡು ಬಿರುಕು ಬೆಳೆಯುತ್ತ ಬಂದು ಒಂದಕ್ಕೊಂದು ಸೇರಿರಬೇಕು.

ಉದ್ದವನ್ನು ಈಗ ಬಹುಮಟ್ಟಿಗೆ ಡ್ರೋನ್ ಚಿತ್ರ, ವಿಮಾನದ ಚಿತ್ರಗಳ ಮೇಲೆ ಅಳೆಯುತ್ತಾರೆ. ಅಲ್ಲಿ ತಕರಾರು ಎರಡು. ಚಿತ್ರದ ಒಂದು ಚುಕ್ಕೆಗಿಂತ ಕಿರಿದಾದ ಬಿರುಕು ಕಾಣುವುದೇ ಇಲ್ಲ. ಹಾಗಾಗಿ ತುದಿಯ ಸಣ್ಣ ಭಾಗ ಕಳೆದುಹೋಗಿ ಉದ್ದ ಯಾವಾಗಲೂ ಕಡಿಮೆ ಬರುತ್ತದೆ. ಇನ್ನೊಂದು, ಬಿರುಕುಗಳು ತುಂಡುತುಂಡಾಗಿ, ಒಂದರ ಪಕ್ಕ ಒಂದು ಸರಿದು ನಿಂತಿರುತ್ತವೆ. ಅವನ್ನು ಒಂದು ಅಂತ ಎಣಿಸಬೇಕೋ ಐದು ಅಂತಲೋ? ಹೊರಡುವ ಮೊದಲೇ ಒಂದು ನಿಯಮ ಮಾಡಿಕೊಂಡು, ಅದನ್ನು ವಹಿಯ ಮೊದಲ ಪುಟದಲ್ಲಿ ಬರೆದು, ಕೊನೆಯವರೆಗೂ ಅದಕ್ಕೇ ಅಂಟಿಕೊಳ್ಳಬೇಕು. ಐಸ್‌ಲ್ಯಾಂಡಿನ ಥಿಂಗ್‌ವೆಟ್ಲಿರ್‌ನಲ್ಲಿರುವ ಅಲ್ಮನ್ನಗ್ಯೌ ಎಂಬ ಹೆಸರಾಂತ ಸೀಳು ಸುಮಾರು 7.7 ಕಿಲೋಮೀಟರ್ ಉದ್ದ, ಅದರ ಒಂದು ಕಡೆಯ ನೆಲ ಹೆಚ್ಚೆಂದರೆ 40 ಮೀಟರಿನಷ್ಟು ಕೆಳಗಿದೆ. ಅಂಥದ್ದು ಒಂದೋ ಎರಡೋ. ಅದರ ಸುತ್ತ ಇರುವ ಬಿರುಕುಗಳಲ್ಲಿ ಬಹಳಷ್ಟು ಕೆಲವು ನೂರು ಮೀಟರಿನವು.

ಆಳದ ಪ್ರಶ್ನೆಗೆ ಬರೋಣ. ಮಕ್ಕಳಿಗೆ ಇದೇ ಕುತೂಹಲ ಜಾಸ್ತಿ ಅಲ್ವಾ?

ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟರೆ, ಇಲ್ಲವೇ ಲೇಸರ್ ಬಿಟ್ಟರೆ, ಸಿಗುವುದು ಕಣ್ಣಿಗೆ ಕಾಣುವ ಆಳ ಮಾತ್ರ. ತಳದಲ್ಲಿ ಉದುರಿದ ಕಲ್ಲು, ಮಣ್ಣು, ನೀರು ತುಂಬಿರುತ್ತದೆ. ಹವಾಯಿಯ ಕಿಲವೇಯ ಜ್ವಾಲಾಮುಖಿಯ ನೈರುತ್ಯ ಸೀಳು ವಲಯದಲ್ಲಿ "ದೊಡ್ಡ ಬಿರುಕು" ಅಂತಲೇ ಕರೆಯುವ ಒಂದು ಸೀಳು ಇದೆ. ಉದ್ದ ಸುಮಾರು 13 ಕಿಲೋಮೀಟರ್, ಅಗಲ ಕೆಲವು ಕಡೆ 15 ಮೀಟರ್, ಕಾಣುವ ಆಳ 20 ಮೀಟರಿನ ಆಸುಪಾಸು. ಆದರೆ 1823ರಲ್ಲಿ ಅದರ ಕೆಳಭಾಗದಿಂದ ಲಾವಾ ಉಕ್ಕಿ ಸಮುದ್ರದ ಕಡೆ ಹರಿಯಿತು. ಲಾವಾ ಮೇಲೆ ಬಂದಿದೆ ಅಂದರೆ ಆ ಸೀಳು 20 ಮೀಟರಿಗೆ ನಿಂತಿರಲು ಸಾಧ್ಯವೇ ಇಲ್ಲ. ಥಿಂಗ್‌ವೆಟ್ಲಿರ್‌ನ ಸಿಲ್ಫ್ರಾ ಸೀಳಿನಲ್ಲಿ ಹಿಮನದಿಯಿಂದ ಲಾವಾದೊಳಗೆ ಸೋಸಿ ಬಂದ ತಿಳಿನೀರು ನಿಂತಿದೆ. ಮುಳುಗುಗಾರರು ಅದರ ಆಳ 63 ಮೀಟರ್ ಅನ್ನುತ್ತಾರೆ. ಅದೂ ಮನುಷ್ಯ ಇಳಿಯಬಹುದಾದಷ್ಟು ತೆರೆದಿರುವ ಜಾಗದ ಲೆಕ್ಕ.

ಹಾಗಾದರೆ ನಿಜವಾದ ಆಳ ಎಷ್ಟಿರಬಹುದು? ಇಲ್ಲಿ ಟೇಪು ಬಿಟ್ಟು ಲೆಕ್ಕಕ್ಕೆ ಬರಬೇಕು. ಹತ್ತನೇ ತರಗತಿಯ ಮಕ್ಕಳಿಗೆ ಹೇಳಬಹುದಾದ ಲೆಕ್ಕ ಇದು. ಕೆಳಗೆ ಹೋದಂತೆ ಮೇಲಿನ ಕಲ್ಲಿನ ಭಾರ ಹೆಚ್ಚುತ್ತದೆ. ಒಂದು ಘನ ಮೀಟರ್ ಲಾವಾ ಕಲ್ಲು 2,500 ಕೆ.ಜಿ. ಅಂತಿಟ್ಟುಕೊಂಡರೆ, 100 ಮೀಟರ್ ಆಳಕ್ಕೆ ಪ್ರತಿ ಚದರ ಸೆಂಟಿಮೀಟರ್ ಮೇಲೆ 25 ಕೆ.ಜಿ. ಭಾರ ಕೂರುತ್ತದೆ. ಕಲ್ಲು ಎಳೆತಕ್ಕೆ ತಾಳುವ ಶಕ್ತಿ, ಬಯಲಿನ ದೊಡ್ಡ ಬಂಡೆಗಳಲ್ಲಿ, ಚದರ ಸೆಂಟಿಮೀಟರಿಗೆ ಸುಮಾರು 30 ಕೆ.ಜಿ. ಅಂತ ಹಿಡಿಯೋಣ. ಮೇಲಿನ ಭಾರ ಈ ಶಕ್ತಿಯ ಮೂರು ಪಟ್ಟು ಆಗುವ ತನಕ, ಅಂದರೆ 90 ಕೆ.ಜಿ. ಆಗುವ ತನಕ, ಕಲ್ಲು ನೇರವಾಗಿ ಬಾಯಿಬಿಟ್ಟು ಬಿರಿಯುತ್ತದೆ. ಅದಕ್ಕಿಂತ ಕೆಳಗೆ ಬಿರಿಯುವ ಬದಲು ಓರೆಯಾಗಿ ಜಾರುತ್ತದೆ. 90ನ್ನು 25ರಿಂದ ಭಾಗಿಸಿ ನೂರರಿಂದ ಗುಣಿಸಿ, 360 ಮೀಟರ್ ಬಂತು. ಬರೀ ಎಳೆತದಿಂದ ಬಾಯಿಬಿಟ್ಟ ಬಿರುಕು ಕೆಲವು ನೂರು ಮೀಟರ್ ಆಳದವರೆಗೆ ಹೋಗಬಹುದು, ಅಲ್ಲಿಂದ ಕೆಳಗೆ ಅದು ಸ್ತರಭಂಗ, ಅಂದರೆ ಎರಡು ಕಡೆಯ ಕಲ್ಲು ಒಂದರ ಮೇಲೊಂದು ಜಾರುವ ಸೀಳು, ಆಗುತ್ತದೆ. ಒಳಗೆ ಮ್ಯಾಗ್ಮಾದ ಒತ್ತಡ ಇದ್ದರೆ ಮಾತು ಬೇರೆ. ಒಳಗಿನಿಂದ ತಳ್ಳುವವರು ಇದ್ದಾಗ ಸೀಳು ಎಷ್ಟೋ ಕಿಲೋಮೀಟರ್ ಆಳದಲ್ಲೂ ತೆರೆದುಕೊಳ್ಳುತ್ತದೆ.

ಆ ಮ್ಯಾಗ್ಮಾ ಎಷ್ಟು ಕೆಳಗಿದೆ ಅನ್ನುವುದಕ್ಕೂ ಮೇಲಿನ ಬಿರುಕುಗಳೇ ಸುಳಿವು ಕೊಡುತ್ತವೆ. ಡೈಕ್ ಏರಿ ಬರುವಾಗ ಅದರ ನೆತ್ತಿಯ ಮೇಲಿನ ನೆಲ ಒಂದು ಪಟ್ಟಿಯಾಗಿ ಕುಸಿಯುತ್ತದೆ, ಬಿರುಕುಗಳು ಪಟ್ಟಿಯ ಎರಡು ಅಂಚಿನಲ್ಲಿ ಸಾಲಾಗಿ ಬೀಳುತ್ತವೆ. ಡೈಕ್ ಆಳದಲ್ಲಿದ್ದರೆ ಪಟ್ಟಿ ಅಗಲ, ಮೇಲೆ ಬಂದಂತೆ ಪಟ್ಟಿ ಕಿರಿದು. ಹಾಗಾಗಿ ಒಂದು ಬಿರುಕಿನ ಅಗಲ ಎಷ್ಟು ಮುಖ್ಯವೋ, ಈ ಸಾಲಿನಿಂದ ಆ ಸಾಲಿಗೆ ಇರುವ ದೂರವೂ ಅಷ್ಟೇ ಮುಖ್ಯ.

ಇಷ್ಟೆಲ್ಲ ಅಳೆದು ಏನು ತಿಳಿಯುತ್ತದೆ ಅಂತ ಕೇಳಿದ್ದೀರಿ. ಬಿಡಿ ಬಿರುಕಿನಿಂದ ತಿಳಿಯುವುದು ಕಡಿಮೆ. ಕೂಡಿಸಿದಾಗ ತಿಳಿಯುವುದು ಜಾಸ್ತಿ. ಬಿರುಕುಗಳ ಸಾಲಿಗೆ ಅಡ್ಡಲಾಗಿ ಒಂದು ನೇರ ಗೆರೆ ಹಾಕಿಕೊಂಡು ಆ ಕೊನೆಯಿಂದ ಈ ಕೊನೆಗೆ ನಡೆಯುತ್ತೇವೆ. ದಾರಿಯಲ್ಲಿ ಸಿಕ್ಕ ಪ್ರತಿ ಬಿರುಕಿನ ಅಗಲ ಬರೆದುಕೊಂಡು ಕೊನೆಗೆ ಒಟ್ಟು ಮಾಡುತ್ತೇವೆ. ಗೆರೆ 1,000 ಮೀಟರ್, ಬಿರುಕುಗಳ ಒಟ್ಟು ಅಗಲ 12 ಮೀಟರ್ ಅಂದರೆ, ಮೊದಲು ಆ ನೆಲ 988 ಮೀಟರ್ ಇತ್ತು. ನೂರಕ್ಕೆ 1.2ರಷ್ಟು ಹಿಗ್ಗಿದೆ. ಆ ಲಾವಾ ಯಾವಾಗ ಹರಿದಿದ್ದು ಅಂತ ಗೊತ್ತಿದ್ದರೆ, ಎಷ್ಟು ವರ್ಷದಲ್ಲಿ ಎಷ್ಟು ಹಿಗ್ಗಿತು ಅನ್ನುವುದೂ ಕೈಗೆ ಬಂತು.

ಈ ಲೆಕ್ಕ ಎಷ್ಟು ಚೆನ್ನಾಗಿ ಕೂಡಿಬರುತ್ತದೆ ಅನ್ನುವುದಕ್ಕೆ ಐಸ್‌ಲ್ಯಾಂಡಿನ ಕ್ರಾಪ್ಲಾ ಜ್ವಾಲಾಮುಖಿ ನೋಡಿ. ಅಲ್ಲಿ 1724ರಿಂದ 1729ರವರೆಗೆ ನೆಲ ಬಿರಿದು ಲಾವಾ ಹರಿದಿತ್ತು. ಆಮೇಲೆ ಸುಮಾರು 250 ವರ್ಷ ತಣ್ಣಗಿತ್ತು. 1975ರ ಡಿಸೆಂಬರಿನಲ್ಲಿ ಮತ್ತೆ ಶುರುವಾಗಿ 1984ರವರೆಗೆ ನಡೆಯಿತು. ಸುಮಾರು ಇಪ್ಪತ್ತು ಸಲ ಡೈಕ್ ನುಗ್ಗಿತು, ಒಂಬತ್ತು ಸಲ ಲಾವಾ ಹೊರಬಂತು. 1977ರ ಸೆಪ್ಟೆಂಬರಿನಲ್ಲಂತೂ ಬಿಸಿ ಹಬೆಗಾಗಿ ಕೊರೆದ ಒಂದು ಕೊಳವೆಬಾವಿಯ ಬಾಯಿಂದಲೇ ಲಾವಾ ಚಿಮ್ಮಿತು. ಎಲ್ಲ ಮುಗಿದ ಮೇಲೆ ಅಲ್ಲಿ ನೆಲ ಸರಾಸರಿ 5 ಮೀಟರಿನಷ್ಟು, ಹೆಚ್ಚೆಂದರೆ 8–9 ಮೀಟರಿನಷ್ಟು ಬಿರಿದಿತ್ತು. ಈಗ ಮಕ್ಕಳಿಗೆ ಗುಣಿಸಲು ಹೇಳಿ. ವರ್ಷಕ್ಕೆ 2 ಸೆಂಟಿಮೀಟರ್, 250 ವರ್ಷ. ಬಂದಿದ್ದು 5 ಮೀಟರ್. ಎರಡೂವರೆ ಶತಮಾನ ಕೂಡಿಟ್ಟ ಎಳೆತವನ್ನು ನೆಲ ಒಂಬತ್ತು ವರ್ಷದಲ್ಲಿ ತೀರಿಸಿತು. ಮೊದಲ ಸಲ ಈ ಲೆಕ್ಕ ಮಾಡಿದ ದಿನ ನಾನು ವಹಿ ಮುಚ್ಚಿಟ್ಟು ಸುಮ್ನೆ ಕೂತಿದ್ದು ನೆನಪಿದೆ.

ಇಂಥ ಅಳತೆಗೆ ಹಿರಿಯರ ಶ್ರಮ ಇದೆ. ಖಂಡಗಳು ಸರಿಯುತ್ತವೆ ಅನ್ನುವ ಮಾತನ್ನು ಬಹಳ ಜನ ಒಪ್ಪದ ಕಾಲದಲ್ಲಿ, 1938ರಲ್ಲಿ, ಓಸ್ಕರ್ ನೀಮ್‌ಚಿಕ್ ಎಂಬ ಜರ್ಮನ್ ಸರ್ವೇ ತಜ್ಞರು ತಂಡ ಕಟ್ಟಿಕೊಂಡು ಈಶಾನ್ಯ ಐಸ್‌ಲ್ಯಾಂಡಿಗೆ ಹೋದರು. ಸೀಳು ವಲಯದ ಈ ಕಡೆ, ಆ ಕಡೆ ಗುರುತು ಹಾಕಿ, ಅವುಗಳ ನಡುವಿನ ದೂರವನ್ನು ಅಳೆದಿಟ್ಟು ಬಂದರು. ಅವರ ಗುರುತುಗಳನ್ನೇ ಹಿಡಿದು 1960ರ ದಶಕದಲ್ಲಿ ಮತ್ತೆ ಅಳೆದರು. ಒಮ್ಮೆ ಅಳೆದರೆ ಬಿರುಕಿನ ಗಾತ್ರ ಗೊತ್ತಾಗುತ್ತದೆ. ಅದೇ ಗುರುತಿಗೆ ಎರಡನೇ ಸಲ ಅಳೆದಾಗ ಅದರ ನಡೆ ಗೊತ್ತಾಗುತ್ತದೆ.

ಈಗಂತೂ ಉಪಗ್ರಹದ ರಾಡಾರ್ ಇದೆ. ಒಂದೇ ಜಾಗದ ಎರಡು ರಾಡಾರ್ ಚಿತ್ರಗಳನ್ನು, ಘಟನೆಯ ಮೊದಲಿನದು ಮತ್ತು ನಂತರದ್ದು, ಹೋಲಿಸಿ ನೆಲ ಎಷ್ಟು ಸರಿಯಿತು ಅಂತ ಹೇಳಬಹುದು. 2005ರ ಸೆಪ್ಟೆಂಬರಿನಲ್ಲಿ ಇಥಿಯೋಪಿಯಾದ ಅಫಾರ್ ಬಯಲಿನ ದಬ್ಬಾಹು ಎಂಬಲ್ಲಿ ಸುಮಾರು 60 ಕಿಲೋಮೀಟರ್ ಉದ್ದದ ಡೈಕ್ ಕೆಲವೇ ದಿನಗಳಲ್ಲಿ ನುಗ್ಗಿತು. ಅದರ ಅಗಲ ಹೆಚ್ಚೆಂದರೆ 8 ಮೀಟರ್, ಒಳಗೆ ಸೇರಿದ ಮ್ಯಾಗ್ಮಾ ಸುಮಾರು 2.5 ಘನ ಕಿಲೋಮೀಟರ್ ಅಂತ ರಾಡಾರ್ ಚಿತ್ರಗಳಿಂದ ಲೆಕ್ಕ ಹಾಕಿದರು. ಮೇಲೆ ಬಂದ ಬೂದಿ, ಲಾವಾ ಮಾತ್ರ ತೀರಾ ಕಡಿಮೆ. ಆದರೂ ಜನ ಅಲ್ಲಿಗೆ ಹೋಗಿ ಟೇಪು ಹಿಡಿದರು. ಯಾಕೆಂದರೆ ರಾಡಾರ್ ಆಳದ ಮಾತು ಹೇಳುತ್ತದೆ, ಮೇಲಿನ ಬಿರುಕುಗಳ ಒಟ್ಟು ಅದಕ್ಕೆ ಸಮ ಇರಲೇಬೇಕು ಅಂತಿಲ್ಲ. ನಡುವಿನ ಕಲ್ಲು ಎಳೆತವನ್ನು ಹಂಚಿಕೊಂಡಿರುತ್ತದೆ. ಎರಡೂ ಅಳತೆ ಇದ್ದಾಗಲೇ ನಡುವೆ ಏನಾಯಿತು ಅಂತ ಹೇಳಲು ಬರುತ್ತದೆ.

ಅಳೆಯದೆ ನಂಬಿದರೆ ಏನಾಗುತ್ತದೆ ಅನ್ನುವುದಕ್ಕೆ ಕೀನ್ಯಾದ ಉದಾಹರಣೆ ಇದೆ. 2018ರ ಮಾರ್ಚಿನಲ್ಲಿ ಜೋರು ಮಳೆಯಾದ ಮೇಲೆ ಮಾಯಿ ಮಹಿಯು ಊರಿನ ಹತ್ತಿರ ದೊಡ್ಡ ಸೀಳು ಕಾಣಿಸಿಕೊಂಡಿತು. ಆಫ್ರಿಕಾ ಎರಡು ಹೋಳಾಗುತ್ತಿದೆ ಅಂತ ಲೋಕದ ತುಂಬ ಸುದ್ದಿ. ಹಲವು ಭೂವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. ಅಲ್ಲಿಯ ನೆಲ ಹಳೆಯ ಜ್ವಾಲಾಮುಖಿ ಬೂದಿಯ ಸಡಿಲ ಮಣ್ಣು. ಮಳೆನೀರು ಒಳಗೊಳಗೇ ಮಣ್ಣು ಕೊಚ್ಚಿಕೊಂಡು ಹೋಗಿ, ಮೇಲಿನ ಪದರ ಕುಸಿದಿದೆ ಅಂದರು. ಇಲ್ಲೂ ರೊಟ್ಟಿಯ ಪರೀಕ್ಷೆಯೇ ಮಾಡಬೇಕು. ಎರಡು ಅಂಚು ಕೂಡುತ್ತವೆಯಾ? ಕೂಡದಿದ್ದರೆ ನಡುವಿನದ್ದು ಎಲ್ಲೋ ಹೋಗಿದೆ ಅಂತಲೇ ಅರ್ಥ. ಹತ್ತು ಮೀಟರಿಗಿಂತ ಹೆಚ್ಚು ಅಗಲದ ಬಾಯಿ ಕಂಡ ಕೂಡಲೇ ನೆಲ ಅಷ್ಟೂ ಸರಿದಿದೆ ಅನ್ನುವುದು ನಾನು ಮೊದಲ ದಿನ ಮಾಡಿದ 4 ಮೀಟರ್ 10ರ ತಪ್ಪಿನ ದೊಡ್ಡ ರೂಪ.

ಈಗ ನಿಮ್ಮ ಶಾಲೆಯ ಕೆಲಸ. ಇದನ್ನು ದಯವಿಟ್ಟು ಮಾಡಿಸಿ. ಕಡಲೆ ಕಿತ್ತ ಎರಿ ಹೊಲ ಒಂದನ್ನು ಗೊತ್ತು ಮಾಡಿಕೊಳ್ಳಿ. ಎರಡು ಹಗ್ಗ ಎಳೆಯಿರಿ, ಹತ್ತು ಹತ್ತು ಮೀಟರಿನವು. ಒಂದು ತೆಂಕಣ ಬಡಗಣ, ಇನ್ನೊಂದು ಮೂಡಣ ಪಡುವಣ. ಹಗ್ಗ ದಾಟುವ ಪ್ರತಿ ಬಿರುಕನ್ನು ಹಗ್ಗದ ನೇರಕ್ಕೇ ಸ್ಕೇಲಿನಿಂದ ಅಳೆದು ಒಟ್ಟು ಮಾಡಿಸಿ. ಎರಡೂ ಒಟ್ಟುಗಳು ಹತ್ತಿರಹತ್ತಿರ ಬರುತ್ತವೆ, ಯಾಕೆಂದರೆ ಮಣ್ಣು ಎಲ್ಲ ಕಡೆಗೂ ಸಮನಾಗಿ ಕುಗ್ಗಿದೆ. ಇದೇ ಹಗ್ಗಗಳನ್ನು ಕ್ರಾಪ್ಲಾದಲ್ಲಿ ಎಳೆದಿದ್ದರೆ, ಮೂಡಣ ಪಡುವಣ ಹಗ್ಗದ ಮೇಲೆ ಬಿರುಕಿನ ಮೇಲೆ ಬಿರುಕು ಸಿಗುತ್ತಿತ್ತು, ತೆಂಕಣ ಬಡಗಣ ಹಗ್ಗದ ಮೇಲೆ ಹೆಚ್ಚುಕಡಿಮೆ ಏನೂ ಇರುತ್ತಿರಲಿಲ್ಲ. ಆ ಹುಡುಗಿ ಕೇಳಿದ ಫರಕು ಇದೇ. ಅವಳ ಕೈಯಲ್ಲೇ ಹಗ್ಗ ಹಿಡಿಸಿ.

ಎರಡನೇ ಕೆಲಸ ಮೊಳೆಗಳದ್ದು. ಒಂದು ಒಳ್ಳೆಯ ಬಿರುಕನ್ನು ಆರಿಸಿ, ಈ ದಂಡೆಯಲ್ಲಿ ಎರಡು, ಆ ದಂಡೆಯಲ್ಲಿ ಒಂದು ಉದ್ದ ಮೊಳೆ ಬಡಿಯಿರಿ, ಅಂಚಿನಿಂದ ಒಂದು ಗೇಣು ದೂರಕ್ಕೆ. ಮೂರೂ ಮೊಳೆ ಸೇರಿ ತ್ರಿಕೋನ ಆಗುತ್ತದೆ. ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ, ಮೂರು ಭುಜವನ್ನೂ ಅಳೆಸಿ. ಪ್ರತಿ ಭುಜವನ್ನು ಮೂರು ಮಕ್ಕಳು ಒಬ್ಬರದ್ದೊಬ್ಬರು ನೋಡದೆ ಅಳೆಯಲಿ, ಮೂರೂ ಸಂಖ್ಯೆ ಬರೆಯಲಿ. ಮೂವರ ನಡುವಿನ ವ್ಯತ್ಯಾಸವೇ ನಿಮ್ಮ ಅಳತೆಯನ್ನು ಎಷ್ಟು ನಂಬಬಹುದು ಅನ್ನುವುದರ ಲೆಕ್ಕ. ಎರಡೇ ಮೊಳೆ ಇದ್ದರೆ ಬಿರಿದಿದ್ದು ಮಾತ್ರ ಗೊತ್ತಾಗುತ್ತದೆ, ಮೂರಿದ್ದರೆ ಪಕ್ಕಕ್ಕೆ ಜಾರಿದ್ದೂ ಗೊತ್ತಾಗುತ್ತದೆ. ಹವಾಯಿಯಲ್ಲಿ 2018ರಲ್ಲಿ ಜನರ ಮನೆಗಳ ನಡುವೆಯೇ 24 ಸೀಳುಗಳು ಬಾಯಿಬಿಟ್ಟಿದ್ದವು. ಅಂಥ ಕಡೆಯೂ ರಸ್ತೆಯ ಬಿರುಕಿನ ಎರಡು ಕಡೆ ಮೊಳೆ ಹೊಡೆದು ಟೇಪಿನಿಂದ ಅಳೆಯುವ ಪದ್ಧತಿ ಇದೆ. ಗೋಡೆಯ ಬಿರುಕಿಗೆ ನಮ್ಮ ಇಂಜಿನಿಯರುಗಳು ಗಾಜಿನ ಪಟ್ಟಿ ಅಂಟಿಸಿ, ಒಡೆಯಿತಾ ಅಂತ ನೋಡುವುದಿಲ್ಲವೇ, ಅದೇ ಉಪಾಯ. ಆಳಕ್ಕೆ ತೆಳ್ಳಗಿನ ಕಬ್ಬಿಣದ ಸರಳು ಸಾಕು. ಮೀಟರ್ ದಾಟುವ ಬಿರುಕುಗಳೂ ಸಿಗುತ್ತವೆ. ಸರಳು ನಿಂತಲ್ಲಿ ಬಿರುಕು ನಿಂತಿದೆ ಅಂತಲ್ಲ, ಒಂದು ಹೆಂಟೆ ಅಡ್ಡ ಸಿಕ್ಕಿರಬಹುದು. ಸಿಲ್ಫ್ರಾದ ಪಾಠ ಅಲ್ಲೇ ಹೇಳಿಬಿಡಬಹುದು.

ಎರಿ ಹೊಲದಲ್ಲಿ ಅಪಾಯ ಇಲ್ಲ, ಮಕ್ಕಳು ಕಾಲು ಉಳುಕಿಸಿಕೊಳ್ಳದಿದ್ದರೆ ಸಾಕು. ಆದರೆ ಮುಂದೆ ಯಾವತ್ತಾದರೂ ದೊಡ್ಡ ಬಿರುಕಿನ ಹತ್ತಿರ ಹೋಗುವ ಸಂದರ್ಭ ಬಂದರೆ ಒಂದು ಮಾತು ನೆನಪಿರಲಿ. ಬಿರುಕಿನ ಬಾಯಿ ಮೇಲೆ ಚಿಕ್ಕದಾಗಿ, ಒಳಗೆ ದೊಡ್ಡದಾಗಿ ಇರಬಹುದು. ಮೇಲೆ ಮಣ್ಣಿನ ತೆಳು ಮುಚ್ಚಿಗೆ ಮಾತ್ರ ಇರುತ್ತದೆ. 2024ರ ಜನವರಿಯಲ್ಲಿ ಗ್ರಿಂಡಾವಿಕ್‌ನಲ್ಲಿ ಬಿರುಕು ತುಂಬುವ ಕೆಲಸ ಮಾಡುತ್ತಿದ್ದ ಒಬ್ಬರು ಅಂಥದ್ದೇ ಸೀಳಿನೊಳಗೆ ಕಳೆದುಹೋದರು. ಅವರು ಸಿಗಲಿಲ್ಲ. ಅಂಚಿನ ಹತ್ತಿರ ಹೋಗುವ ಮೊದಲು ಹಗ್ಗ, ಜೊತೆಗೊಬ್ಬರು, ಇಷ್ಟು ಇಲ್ಲದೆ ನಾವು ಹೆಜ್ಜೆ ಇಡುವುದಿಲ್ಲ.

ಇನ್ನೊಂದು ಕಡೆ ಮಕ್ಕಳನ್ನು ಕರೆದುಕೊಂಡು ಬನ್ನಿ, ನಮ್ಮ ಬಳ್ಳಾರಿಗೆ. ಸಂಗನಕಲ್ಲು, ಕುಪ್ಪಗಲ್ಲು ಹತ್ತಿರ ಹಿರೇಗುಡ್ಡ ಇದೆ. ಗುಡ್ಡವೆಲ್ಲ ಗ್ರಾನೈಟ್, ಅದರ ನಡುವೆ ಕಪ್ಪು ಕಲ್ಲಿನ ಒಂದು ಸಾಲು ಹಾಯ್ದು ಹೋಗಿದೆ. ಅದು ಡಾಲರೈಟ್ ಕಲ್ಲು, ಅದೇ ಡೈಕ್. ನಮ್ಮ ಕಡೆಯ ಇಂಥ ಡೈಕುಗಳಲ್ಲಿ ಬಹಳಷ್ಟು 200 ಕೋಟಿ ವರ್ಷಕ್ಕಿಂತ ಹಳೆಯವು. ಒಂದು ಕಾಲಕ್ಕೆ ಇಲ್ಲೂ ನೆಲ ಬಿರಿದಿತ್ತು, ಬಿರಿದಲ್ಲಿ ಮ್ಯಾಗ್ಮಾ ನುಗ್ಗಿತ್ತು, ಆಳದಲ್ಲೇ ಆರಿ ಗಟ್ಟಿಯಾಯಿತು. ಮೇಲಿದ್ದ ಕಲ್ಲೆಲ್ಲ ಸವೆದುಹೋದ ಮೇಲೆ ಈಗ ನಮ್ಮ ಕಣ್ಣಿಗೆ ಬಿದ್ದಿದೆ. ಗ್ರಿಂಡಾವಿಕ್ ಊರಿನ ಕೆಳಗೆ ಕಾಣದೆ ಉಳಿದ ಭಾಗ ಯಾವುದೋ, ಅದೇ ಇಲ್ಲಿ ಬಿಸಿಲಿಗೆ ಬಿದ್ದಿದೆ. ನವಶಿಲಾಯುಗದ ಜನ ಈ ಕಪ್ಪು ಕಲ್ಲನ್ನೇ ಒಡೆದು ಕೊಡಲಿ ಮಾಡಿದರು. ಅದರ ಬಂಡೆಗಳ ಮೇಲೆ ದನ, ಮನುಷ್ಯರ ಚಿತ್ರ ಕುಟ್ಟಿದರು. ಕೆಲವು ಬಂಡೆ ಬಡಿದರೆ ಗಂಟೆಯ ಹಾಗೆ ನಾದ ಕೊಡುತ್ತವೆ. ಅಲ್ಲಿಯ ಕೊಡಲಿಗಳನ್ನು ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ಸಂಗ್ರಹಾಲಯದಲ್ಲಿ ನೋಡಬಹುದು.

ಡೈಕ್ ಅಳೆಯುವಾಗಲೂ ಮೋಸಹೋಗುವುದು ಸುಲಭ. ಕಪ್ಪು ಗುಂಡುಗಳು ಉರುಳಿ ಗುಡ್ಡದ ಇಳಿಜಾರಿನ ತುಂಬ ಹರಡಿರುತ್ತವೆ. ಹರಡಿದ್ದನ್ನೆಲ್ಲ ಅಳೆದರೆ ಅಗಲ ಎರಡು ಮೂರು ಪಟ್ಟು ಬರುತ್ತದೆ. ನೆಲಕ್ಕೆ ಕಚ್ಚಿಕೊಂಡ ಗ್ರಾನೈಟ್ ಎಲ್ಲಿ ಮುಗಿಯುತ್ತದೆ ಅಂತ ಹುಡುಕಿ. ಅಲ್ಲಿ ಡೈಕಿನ ಕಲ್ಲು ತೀರಾ ನುಣುಪಾಗಿ, ಕಣ ಕಾಣದ ಹಾಗೆ ಇರುತ್ತದೆ, ಯಾಕೆಂದರೆ ತಣ್ಣನೆಯ ಗೋಡೆಗೆ ತಾಗಿ ಬೇಗ ಆರಿದ್ದು ಅದೇ. ನಡುವೆ ಹೋದಂತೆ ಕಣ ದಪ್ಪವಾಗುತ್ತದೆ. ನುಣುಪು ಅಂಚಿನಿಂದ ನುಣುಪು ಅಂಚಿಗೆ, ಸಾಲಿಗೆ ಅಡ್ಡಲಾಗಿ ಟೇಪು ಹಿಡಿಯಿರಿ, ದಿಕ್ಕು ಬರೆದುಕೊಳ್ಳಿ. ಅಲ್ಲಿ ಸುತ್ತಿಗೆ ಬಳಸುವುದು ಬೇಡ, ಚಿತ್ರ ಇರುವ ಬಂಡೆಗಳನ್ನು ಬಡಿಯುವುದೂ ಬೇಡ. ಟೇಪು, ಕಂಪಾಸ್, ವಹಿ ಮೂರೇ ಸಾಕು. ಬೆಳಗಿನ ಏಳಕ್ಕೆ ಗುಡ್ಡದ ಬುಡದಲ್ಲಿದ್ದರೆ ಬಿಸಿಲು ಏರುವ ಮೊದಲು ಕೆಲಸ ಮುಗಿಯುತ್ತದೆ.